ಅವರು ಓದಿ ಹೇಳಿದ ಆಟ

ಆ ಗೇಮಿನ ಡಿಸ್ಕನ್ನು ಮನೆಗೆ ತಂದವರು ನನ್ನ ಗಂಡನೇ. ಅವರಾಗಿಯೇ ತಂದರು ಎನ್ನುವುದು ನನಗೆ ಇವತ್ತಿಗೂ ಸೋಜಿಗ. ಏನನ್ನಾದರೂ ಮುಚ್ಚಿಟ್ಟವರು ಅದನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ಹೆಂಡತಿಯ ಕೈಗೆ ಕೊಡುತ್ತಾರೆಯೇ? ಅವರು ಮುಚ್ಚಿಟ್ಟಿರಲಿಲ್ಲ. ಮರೆತುಬಿಟ್ಟಿದ್ದರು. ಆಮೇಲೆ ನನಗೆ ಹೆಚ್ಚು ನೋವಾದದ್ದು ಆ ಮರೆವಿಗೇ.

ಎರಡು ಸಾವಿರದ ದಶಕದ ನಡುವಿನ ಮಾತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಬಾಥೆಲ್‌ನ ನಾರ್ತ್ ಕ್ರೀಕ್‌ನಲ್ಲಿ ಸಾಲುಮನೆಯೊಂದನ್ನು ಕೊಂಡು ಬಂದು ನೆಲೆಸಿದ್ದೆವು. ಗಂಡ ವಿಮಾನದ ಬಿಡಿಭಾಗಗಳ ಕಂಪನಿಯೊಂದರಲ್ಲಿ ಇಂಜಿನಿಯರ್. ನಾನು ಹತ್ತಿರದ ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಮೇಜಿನಲ್ಲಿ ಕೂರುತ್ತಿದ್ದೆ. ಮಗಳು ಮೂರನೇ ಕ್ಲಾಸು. ಕನ್ನಡ ಎಲ್ಲಾ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆಂದು ಆ ವರ್ಷ ಹೊಸ ವಿಡಿಯೋ ಗೇಮ್ ಯಂತ್ರವೊಂದು ಬಂದಿತ್ತು.

ನನ್ನ ಹುಟ್ಟುಹಬ್ಬದ ದಿನ ಗಂಡ ಆಫೀಸಿನಿಂದ ಬರುವಾಗ ಡೌನ್‌ಟೌನ್ ಬೆಲ್ವ್ಯೂಗೆ ಹೋಗಿ ಬಂದರು. ಕಾಗದ ಬಿಚ್ಚಿದರೆ ಒಳಗೆ ಒಂದು ಗೇಮು. ಡಬ್ಬಿಯ ಮೇಲೆ ನಾಲ್ಕು ಜನ: ರಾಜ್ಯದಿಂದ ಓಡಿಸಲ್ಪಟ್ಟ ಹುಡುಗ, ಒಬ್ಬ ಕಳ್ಳ, ಗಡ್ಡದ ಮುದುಕ, ಗಾಯ ವಾಸಿಮಾಡುವ ಹುಡುಗಿ. ಕ್ಷಣಮಾತ್ರದಲ್ಲಿ ಗುರುತು ಹಿಡಿದೆ.

"ಹಳೇ ಗೇಮ್‌ಗೋಳ್ನ ಹೊಸಾ ಮಶೀನಿಗೆ ಹೊಂದಿಸಿ ಮತ್ತ ಮಾರಾಕತ್ತಾರ. ಕಂಡಕೂಡ್ಲೇ ತಗೊಂಡ್ಬಿಟ್ಟೆ. ನೆನಪೈತೇನು?" ಎಂದರು. ಮುಖ ಅರಳಿತ್ತು.

ನೆನಪಿಲ್ಲದೆ ಏನು? ನನ್ನ ಅಮೆರಿಕದ ಮೊದಲ ವರ್ಷವೆಲ್ಲ ಆ ಆಟದೊಳಗೇ ಇತ್ತು.

ಮದುವೆಯಾಗಿ ಗದಗಿನಿಂದ ನೇರ ಯೂನಿವರ್ಸಿಟಿ ಡಿಸ್ಟ್ರಿಕ್ಟೆಂಬ, ವಿಶ್ವವಿದ್ಯಾಲಯದ ಪಕ್ಕದ ಬಡಾವಣೆಗೆ ಬಂದವಳು ನಾನು. ಗಂಡ ಆಗ ಅಲ್ಲಿ ಲೋಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿ. ನಾನು ಕನ್ನಡದಲ್ಲಿ ಬಿ.ಎ. ಮಾಡಿದ್ದೆ. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದೆ, ಅರ್ಥ ಹತ್ತುತ್ತಿರಲಿಲ್ಲ. ಯಾರಾದರೂ ಮಾತಾಡಿದರಂತೂ ಒಂದು ಮಾತಿನ ಬೆನ್ನಿಗೆ ಇನ್ನೊಂದು ಬಂದು ಗುಂಪಾಗಿ ಓಡಿಹೋಗುತ್ತಿತ್ತು. ಹೀಗಾಗಿ ಎಲ್ಲವೂ ಅವರ ಬಾಯಿಂದಲೇ ನನಗೆ ಬರಬೇಕು. ಮನೆ ಮಾಲೀಕ ಹೇಳಿದ್ದು, ಬಸ್ಸಿನವನು ಕೂಗಿದ್ದು, ಬ್ಯಾಂಕಿನವಳು ಕೇಳಿದ್ದು, ಡಾಕ್ಟರು ಬರೆದದ್ದು. ಅದರಲ್ಲಿ ನನಗೆ ಕಷ್ಟವೇನೂ ಇರಲಿಲ್ಲ. ಅವರು ತಾಳ್ಮೆಯಿಂದ, ನಮ್ಮೂರ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದರು. ನಾನು ಅವರ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದೆ.

ಬಂದ ಸ್ವಲ್ಪ ದಿನಕ್ಕೆ ಬಸಿರಾದೆ. ಏಳು ತುಂಬಿದ ಮೇಲೆ ಒಂದು ಬೆಳಿಗ್ಗೆ ಕೂಸು ಮಿಸುಕುವುದು ನಿಂತಿತು. ಆಸ್ಪತ್ರೆಗೆ ಹೋದೆವು. ಹೆರಿಗೆ ಮಾಡಿಸಿದರು. ಅಳು ಕೇಳಲಿಲ್ಲ. ಗಂಡು ಎಂದರು. ಅಷ್ಟೇ ನನಗೆ ಗೊತ್ತಿದ್ದದ್ದು. ಮುಂದಿನದನ್ನು ಆಸ್ಪತ್ರೆಯವರೇ ನೋಡಿಕೊಳ್ಳುತ್ತಾರೆ ಎಂದು ಗಂಡ ಹೇಳಿದರು. ನಾನು ಕೇಳಲೂ ಇಲ್ಲ. ಕೇಳುವ ಶಕ್ತಿಯೂ ಇರಲಿಲ್ಲ.

ಅದಾದ ಮೇಲೆ ನಾನು ಮನೆಯಲ್ಲಿ ಕಿಟಕಿಯ ಮುಂದೆ ಕೂತರೆ ಕೂತೇ ಇರುತ್ತಿದ್ದೆ. ಆಗಲೇ ಅವರ ಲ್ಯಾಬಿನ ಜತೆಗಾರನೊಬ್ಬ ಓದು ಮುಗಿಸಿ ತನ್ನ ದೇಶಕ್ಕೆ ಹೊರಟವನು ತನ್ನ ಹಳೆಯ ಗೇಮ್ ಯಂತ್ರವನ್ನೂ ಈ ಒಂದು ಆಟವನ್ನೂ ನಮಗೆ ಕೊಟ್ಟುಹೋದ. ಗಂಡ ಅದನ್ನು ನಮ್ಮ ಸಣ್ಣ ಟೀವಿಗೆ ಜೋಡಿಸಿದರು. "ಒಂದಿಷ್ಟು ಹೊತ್ತು ಹೋಗ್ಲಿ" ಎಂದರು.

ಹೊತ್ತು ಹೋಯಿತು. ಈ ಬಗೆಯ ಆಟದಲ್ಲಿ ಅವಸರವೇನಿಲ್ಲ. ನಿಮ್ಮ ನಾಲ್ಕು ಜನ ನಕಾಶೆಯ ಮೇಲೆ ಊರಿಂದೂರಿಗೆ ನಡೆಯುತ್ತಾರೆ. ಕಾಡಿನಲ್ಲಿ ಪ್ರಾಣಿಗಳು ಎದುರಾಗುತ್ತವೆ. ಒಂದು ಸಲ ಅವು ಹೊಡೆದರೆ ಒಂದು ಸಲ ನಾವು, ಪಾಳಿ ಪ್ರಕಾರ. ಗೆದ್ದಷ್ಟೂ ನಮ್ಮವರ ಬಲ ಹೆಚ್ಚುತ್ತದೆ. ಊರಿಗೆ ಬಂದರೆ ಜನ ಮಾತಾಡುತ್ತಾರೆ, ಮಾತು ಕೆಳಗೊಂದು ನೀಲಿ ಚೌಕಟ್ಟಿನಲ್ಲಿ ಮೂಡುತ್ತದೆ. ನಾವು ಕೆಲಸ ಹಂಚಿಕೊಂಡಿದ್ದೆವು. ಹಗಲಲ್ಲಿ ನಾನೊಬ್ಬಳೇ ಕಾಡು ಸುತ್ತಿ ಕಾದಾಡಿ ನಮ್ಮ ನಾಲ್ವರನ್ನೂ ಗಟ್ಟಿ ಮಾಡಿಡುವುದು. ಸಂಜೆ ಅವರು ಬಂದು ಊರೊಳಗೆ ಹೋಗಿ ಮಾತಾಡಿಸಿ, ಚೌಕಟ್ಟಿನಲ್ಲಿ ಬಂದದ್ದನ್ನು ಕನ್ನಡದಲ್ಲಿ ನನಗೆ ಓದಿ ಹೇಳುವುದು. ನಾನು ಚೌಕಟ್ಟಿನ ಕಡೆ ನೋಡದೆ ಕಾಯಿಪಲ್ಲೆ ಹೆಚ್ಚುತ್ತ ಕೇಳುತ್ತಿದ್ದೆ. ಅಕ್ಕಿಯ ನೀರು ಉಕ್ಕಿದರೂ ಏಳುತ್ತಿರಲಿಲ್ಲ.

ಆ ಆಟದ ಮೊದಲ ಊರಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಅವಳ ಮಗನನ್ನು ಉತ್ತರದ ಸೈನಿಕರು ಎತ್ತಿಕೊಂಡು ಹೋಗಿದ್ದರು. ಹುಡುಕಿಕೊಡಿ ಎಂದು ನಮ್ಮ ನಾಲ್ವರನ್ನು ಬೇಡುತ್ತಿದ್ದಳು. ಮುಖ್ಯ ಕತೆಗೆ ಅವಳಿಂದ ಏನೂ ಆಗಬೇಕಿರಲಿಲ್ಲ. ಆದರೆ ನನಗೆ ಅವಳದ್ದೇ ಹಂಬಲ. ಬೇಸಿಗೆಯ ಹೊತ್ತಿಗೆ ನಾವು ಒಂದು ದ್ವೀಪಕ್ಕೆ ಹೋದೆವು. ಪಾಳುಬಿದ್ದ ಕೋಟೆ, ಒಂದು ಮರ, ಮರದ ಕೆಳಗೆ ಬೂದುಬಣ್ಣದ ಸಣ್ಣ ಚೌಕಗಳು. ಒಂದು ಚೌಕದ ಮುಂದೆ ನಿಂತು ಅವರು ಬಟನ್ ಒತ್ತಿದರು. ಚೌಕಟ್ಟು ಬಂತು.

"ಏನ್ ಬರದಾರ್ರಿ?" ಎಂದೆ.

"ಇಲ್ಲಿದ್ದ ಹುಡುಗ್ರು ತಪ್ಪಿಸ್ಕೊಂಡು ಹಡಗ ಹತ್ಯಾರಂತ. ಬಿಸಲ ನಾಡಿಗೆ ಹೋಗ್ಯಾರಂತ" ಎಂದರು.

ನಾನು ಅತ್ತೆ. ಖುಷಿಗೆ. ಮೊದಲ ಊರಿಗೆ ವಾಪಸ್ಸು ಹೋಗಿ ಕುಂಬಾರಗಿತ್ತಿಗೆ ಹೇಳೋಣ ಎಂದು ಹಟ ಮಾಡಿದೆ. ಹೋದೆವು. ಅವಳು "ಹಡಗು ಬರೋ ದಿವ್ಸ ಬಿಸಿ ರೊಟ್ಟಿ ಮಾಡಿ ಇಡತೀನಿ" ಎಂದಳೆಂದು ಗಂಡ ಹೇಳಿದರು. ಆ ದೇಶದಲ್ಲಿ ರೊಟ್ಟಿ ಎಲ್ಲಿಂದ ಬಂತು ಎಂದು ನಾನು ನಕ್ಕೆ. ಕೂಸು ಹೋದಮೇಲೆ ಮೊದಲ ಸಲ ನಕ್ಕಿದ್ದು ಅದು. ಅಲ್ಲಿಂದ ಮುಂದೆ ಆಟ ಎಷ್ಟು ದೂರ ಹೋದರೂ ವಾರಕ್ಕೊಮ್ಮೆ ಅವಳನ್ನು ನೋಡಿಬರುತ್ತಿದ್ದೆವು. ಒಂದು ಸಲ "ಕನಸಿನ್ಯಾಗ ಬಂದಿದ್ದ" ಅನ್ನುವಳು, ಇನ್ನೊಂದು ಸಲ "ಅವನ ಸೈಜಿನ ಅಂಗಿ ಹೊಲದೀನಿ" ಅನ್ನುವಳು. ಪ್ರತಿಸಲವೂ ಹೊಸ ಮಾತು. ಎಂಥ ಆಟ ಮಾಡಿದ್ದಾರಪ್ಪ ಎಂದು ನಾನು ಬೆರಗಾಗಿದ್ದೆ.

ಇಷ್ಟು ವರ್ಷಗಳ ಮೇಲೆ ಅದೇ ಆಟ ಮರಳಿ ಬಂದಿತ್ತು.

ಒಂದು ಶನಿವಾರ ಬೆಳಿಗ್ಗೆ ಗಂಡ ಮನೆಗೆ ಬೇಕಾದ ಸಾಮಾನು ತರಲು ಹೋದಾಗ ನಾನೂ ಮಗಳೂ ಕೂತೆವು. ಕೆಲವು ವಾರಗಳಿಂದ ಬಿಡುವಾದಾಗಲೆಲ್ಲ ಆಡಿಕೊಂಡು ಬಂದಿದ್ದೆವು. ಮೊದಲ ದಿನವೇ ಆ ಸಂಗೀತದ ಗುರುತು ಸಿಕ್ಕಿತ್ತು. ಸ್ವರ ಈಗ ಇನ್ನಷ್ಟು ತುಂಬಿಕೊಂಡಿತ್ತು, ಬಣ್ಣ ತೊಳೆದಿಟ್ಟಂತಿತ್ತು. ಮೊದಲು ಎರಡು ಚುಕ್ಕಿಯಾಗಿದ್ದ ಕಣ್ಣುಗಳಿಗೆ ಈಗ ರೆಪ್ಪೆ ಬಂದಿತ್ತು. ಹೆಬ್ಬೆರಳಿಗೆ ಮಾತ್ರ ಎಲ್ಲ ದಾರಿಯೂ ನೆನಪಿತ್ತು. ಯಾವ ಗುಹೆಯಲ್ಲಿ ಎಡಕ್ಕೆ ತಿರುಗಬೇಕು ಎಂದು ನಾನು ಹೇಳುವ ಮೊದಲೇ ಅದು ತಿರುಗುತ್ತಿತ್ತು. ಮಗಳಿಗೆ ನನ್ನನ್ನು ಕಂಡು ಹೊಸ ಗೌರವ ಬಂದಿತ್ತು. ನಾನು ಅವಳಿಗೆ ಕುಂಬಾರಗಿತ್ತಿಯ ಕತೆ ಮೊದಲೇ ಹೇಳಿಟ್ಟಿದ್ದೆ. ಹಡಗು, ರೊಟ್ಟಿ, ಅಂಗಿ, ಎಲ್ಲ.

ದ್ವೀಪ ಬಂತು. ಹೊಸ ಬಣ್ಣದಲ್ಲಿ ಆ ಬೂದು ಚೌಕಗಳು ಏನೆಂದು ಕಾಣಿಸಿತು. ಅವು ಸಮಾಧಿಯ ಕಲ್ಲುಗಳು. ಒಂದೊಂದರ ಬುಡದಲ್ಲೂ ಹೂವಿತ್ತು. ನಾನು ಬಟನ್ ಒತ್ತಿದೆ. ಈಗ ಓದಲು ನನಗೆ ಯಾರೂ ಬೇಕಿರಲಿಲ್ಲ. ಇಲ್ಲಿ ಮಲಗಿರುವ ಮಕ್ಕಳು ಮೊದಲ ಚಳಿಗಾಲವನ್ನು ದಾಟಲಿಲ್ಲ ಎಂದಿತ್ತು. ಕೆಳಗೆ ಹೆಸರುಗಳು. ಕುಂಬಾರಗಿತ್ತಿಯ ಮಗನದೂ ಇತ್ತು.

"ಹೀ ಈಸ್ ಡೆಡ್, ಅಮ್ಮಾ" ಎಂದಳು ಮಗಳು. ಮತ್ತೆ ಓದಿದಳು. ನನ್ನ ಮುಖ ನೋಡಿದಳು.

ಕಂಪನಿಯವರ ಮೇಲೆ ನನಗೆ ಸಿಟ್ಟು ಉಕ್ಕಿತು. ಹಳೆಯ ಆಟವನ್ನೇ ಕೊಡುತ್ತೇವೆಂದು ಹೇಳಿ ಕತೆಯನ್ನೇ ಕೆಡಿಸಿದ್ದಾರೆ ಎಂದೆ. "ಮೊದ್ಲು ಹಿಂಗ ಇರ್ಲಿಲ್ಲ. ಆ ಹುಡುಗ ಹಡಗು ಹತ್ತಿ ಹೋಗಿದ್ದ. ಬೇಕಾದ್ರೆ ನಿಮ್ಮ ಪಪ್ಪನ್ನ ಕೇಳು."

ಮಗಳು ಪಪ್ಪನನ್ನು ಕೇಳಲು ಕಾಯಲಿಲ್ಲ. ಕಂಪ್ಯೂಟರಿಗೆ ಹೋದಳು. ಆ ಆಟವನ್ನು ಪ್ರೀತಿಸುವ ಜನ ಅದರ ಒಂದೊಂದು ಮಾತನ್ನೂ ಬರೆದಿಟ್ಟಿದ್ದರು. ಹಳೆಯದರಲ್ಲೂ ಇದೇ ಇದೆ, ಒಂದಕ್ಷರವೂ ಬದಲಾಗಿಲ್ಲ ಎಂದು ತೋರಿಸಿದಳು. ನಾನು ಮತ್ತೆ ಕಂಟ್ರೋಲರು ಹಿಡಿದು ಮೊದಲ ಊರಿಗೆ ಹೋದೆ. ಕುಂಬಾರಗಿತ್ತಿ, ಅವನನ್ನು ಕಂಡಿರಾ ಎಂದು ಕೇಳಿದಳು. ಹೌದು, ಇಲ್ಲ ಎಂದು ಎರಡು ಉತ್ತರ. ಹೌದು ಒತ್ತಿದೆ. ಅವಳ ಮಡಕೆ ಮಾಡುವ ತಿಗರಿ ನಿಂತಿತು. ಚೌಕಟ್ಟಿನಲ್ಲಿ ಸಾಲಾಗಿ ಚುಕ್ಕೆಗಳು ಮೂಡಿದವು. ಮಾತಿಲ್ಲ. ಮತ್ತೆ ಮಾತಾಡಿಸಿದೆ. ಮತ್ತೆ ಚುಕ್ಕೆಗಳು. ಎಷ್ಟು ಸಲ ಮಾತಾಡಿಸಿದರೂ ಅಷ್ಟೇ.

ಕನಸು, ರೊಟ್ಟಿ, ಅಂಗಿ, ಇವನ್ನೆಲ್ಲ ನನ್ನ ಗಂಡ ಆ ಚುಕ್ಕೆಗಳಿಂದ ಓದಿದ್ದರು.

ಒಂದು ಗಳಿಗೆ ನನಗೆ ಅವರ ಮೇಲೆ ಮಮತೆಯೇ ಬಂತು. ಸುಳ್ಳು ಹೇಳುವುದಿಲ್ಲ. ನನ್ನ ಅವಸ್ಥೆ ನೋಡಿ ಪಾಪ ಎಷ್ಟು ಕಷ್ಟಪಟ್ಟು ಕತೆ ಕಟ್ಟಿದ್ದಾರೆ ಎನಿಸಿತು. ಮಗಳು "ಪಪ್ಪಾ ಲೈಡ್!" ಎಂದು ಪಪ್ಪನ ಸುಳ್ಳಿಗೆ ನಗುತ್ತ ಹಾಲು ಕುಡಿಯಲು ಎದ್ದುಹೋದಳು. ಆಟದವರು ನಿಂತಲ್ಲೇ ನಿಂತಿದ್ದರು. ಆಗ ನನಗೆ ನಮ್ಮ ಕ್ಲಿನಿಕ್ಕಿನಲ್ಲಿ ದಿನವೂ ಹೇಳುವ ಮಾತು ನೆನಪಿಗೆ ಬಂತು: ರೋಗಿಗೆ ಇಂಗ್ಲಿಷ್ ಬಾರದಿದ್ದರೆ ಮನೆಯವರಿಂದ ಹೇಳಿಸಬೇಡಿ, ಭಾಷೆ ಬಲ್ಲ ಹೊರಗಿನವರನ್ನು ಕರೆಸಿ. ಯಾಕೆಂದು ನಾನು ಕಣ್ಣಾರೆ ಕಂಡಿದ್ದೆ. ಡಾಕ್ಟರು ಅಷ್ಟುದ್ದ ಹೇಳಿದ್ದನ್ನು ಮಗ ತಾಯಿಗೆ ಎರಡೇ ಮಾತಿನಲ್ಲಿ ಹೇಳುವುದು, ತಾಯಿ ಸುಮ್ಮನೆ ತಲೆ ಆಡಿಸುವುದು.

ಅದರ ಬೆನ್ನಿಗೇ ಆ ನರ್ಸ್ ನೆನಪಾದಳು. ಕೆಂಪು ಕೂದಲಿನ, ವಯಸ್ಸಾದ ನರ್ಸ್. ಹೆರಿಗೆ ಮುಗಿದ ಮೇಲೆ ನನ್ನ ಮಗ್ಗುಲಿಗೆ ಬಂದು ಕಾಲ ಮೇಲೆ ಕೈಯಿಟ್ಟು, ನನ್ನನ್ನೇ ನೋಡುತ್ತ ನಿಧಾನವಾಗಿ, ಬಹಳ ಹೊತ್ತು ಏನೋ ಕೇಳಿದ್ದಳು. ನಾನು ಗಂಡನ ಕಡೆ ತಿರುಗಿದ್ದೆ. "ಥಂಡಿ ಆಗಾಕತ್ತೈತೇನು ಅಂತ ಕೇಳಾಕತ್ತಾಳ" ಎಂದಿದ್ದರು ಅವರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದ್ದೆ. ನರ್ಸ್ ಮತ್ತೊಮ್ಮೆ ಕೇಳಿದಳು. ನಾನು ಮತ್ತೆ, ಇನ್ನೂ ಜೋರಾಗಿ, ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ಥಂಡಿ ಇಲ್ಲ ಎಂದಿದ್ದಕ್ಕೆ ಈ ಹೆಂಗಸು ಯಾಕೆ ಅಳುತ್ತಾಳೆ ಎಂದು ನನಗೆ ಆಗ ಅನಿಸಿದ್ದು ನಿಜ. ಆಮೇಲೆ ಅದನ್ನು ಯೋಚಿಸಿರಲೇ ಇಲ್ಲ.

ಗಂಡ ಸಾಮಾನಿನ ಚೀಲ ಹೊತ್ತು ಒಳಗೆ ಬಂದರು. ಮಗಳನ್ನು ಮೇಲಿನ ಕೋಣೆಗೆ ಕಳಿಸಿದೆ. ಮೊದಲು ಆಟದ ಮಾತನ್ನೇ ತೆಗೆದೆ.

"ಹಂಗ ಹೇಳಿದ್ನೇನು ನಾ?" ಎಂದು ನಕ್ಕರು. ಕೊತ್ತಂಬರಿಯನ್ನು ಫ್ರಿಜ್ಜಿನಲ್ಲಿಡುತ್ತಿದ್ದರು. "ನೆನಪೇ ಇಲ್ಲ ಬಿಡು. ನೀ ಆಗ ಹೆಂಗಿದ್ದಿ. ಸತ್ತ ಹುಡುಗನ ಸುದ್ದಿ ಹೆಂಗ ಓದ್ಲಿ?"

"ಆ ಕೆಂಪು ಕೂದಲ ನರ್ಸ್ ಏನ್ ಕೇಳಿದ್ಲು?"

ಫ್ರಿಜ್ಜಿನ ಬಾಗಿಲು ತೆರೆದೇ ಇತ್ತು. ಅವರು ತಿರುಗಲಿಲ್ಲ.

"ಯಾವ ನರ್ಸು?"

"ಖರೇ ಹೇಳ್ರಿ. ನನಗ ಥಂಡಿ ಆಗೇತೇನು ಅಂತನs ಕೇಳಿದ್ಲೇನು?"

ಅವರು ಬಂದು ಕುರ್ಚಿಯಲ್ಲಿ ಕೂತರು. ಎರಡೂ ಕೈ ಮೇಜಿನ ಮೇಲಿಟ್ಟರು. "ಕೂಸನ್ನ ಎತ್ಕೋತಾಳೇನು ಅಂತ ಕೇಳಿದ್ಲು" ಎಂದರು. "ಎಷ್ಟು ಹೊತ್ತು ಬೇಕಾದ್ರೂ ಇಟ್ಕೋಬಹುದು, ಅವಸರ ಇಲ್ಲ ಅಂದ್ಲು. ಒಂದು ಫೋಟೋ ತೆಗೀತೀವಿ ಅಂದ್ಲು. ನಾ ಅದನ್ನೂ ಬ್ಯಾಡ ಅಂದೆ."

ನಾನು ನಿಂತೇ ಇದ್ದೆ. ನನ್ನ ಕೂಸನ್ನು ನೋಡುತ್ತೀಯಾ ಎಂದು ಆಕೆ ನನ್ನನ್ನು ಕೇಳಿದ್ದಳು. ನಾನು ಎರಡೆರಡು ಸಲ, ಬೇಡ ಬೇಡ ಎಂದು ತಲೆ ಅಲ್ಲಾಡಿಸಿದ್ದೆ.

"ನೀವು ನೋಡಿದ್ರೇನು?"

"ಹೂಂ."

"ಎತ್ಕೊಂಡ್ರೇನು?"

ಅವರು ತಮ್ಮ ಎರಡೂ ಅಂಗೈ ನೋಡಿಕೊಂಡರು. ಎತ್ತಿಕೊಂಡಿದ್ದರು.

"ನಾನೊಬ್ಬನs ಅಂದ್ಕೊಂಡು ಮಾಡಿದ್ದಲ್ಲ" ಎಂದರು ಕೊನೆಗೆ. "ಏನ್ ಮಾಡ್ಬೇಕಂತ ತಿಳೀಲಿಲ್ಲ. ಹೆರಿಗೆಗೆ ಮೊದ್ಲs ನಿಮ್ಮ ಅವ್ವಗ ಫೋನ್ ಮಾಡಿ ಕೇಳಿದ್ನಿ. ತೋರಸಬ್ಯಾಡ್ರಿ ಅಂದ್ರು."

ಗದಗಿಗೆ ಫೋನು ಹಚ್ಚಿದೆ. ಅವ್ವ ನಿದ್ದೆಯಿಂದ ಎದ್ದು ಬಂದಳು, ಏನು ಅನಾಹುತವಾಯಿತೋ ಎಂದು ಗಾಬರಿಯಾಗಿ. ಗಂಡ ಎದುರಿಗೇ ಕೂತಿದ್ದರು.

"ಅವ್ವಾ, ನನ್ನ ಮೊದಲ್ನೇ ಕೂಸನ್ನ ನನಗ ತೋರಸಬ್ಯಾಡ ಅಂತ ನೀ ಹೇಳಿದ್ದೇನು?"

"ಹೂಂ. ನಾನs ಹೇಳಿದ್ದೆ" ಎಂದಳು. "ನೀ ಹುಟ್ಟೂ ಮುಂಚೆ ನನಗೂ ಒಂದು ಕೂಸು ಹೋಗಿತ್ತು. ನಾ ನೋಡಿದ್ದೆ. ಇವತ್ತಿಗೂ ಕಣ್ಣಾಗ ಐತಿ. ಮಗಳಿಗೆ ಬ್ಯಾಡ ಅನಿಸ್ತು. ನೋಡಿದ್ರ ಮರೀತಿದ್ದೇನು ನೀ?"

"ಈಗ ಮರತೀನೇನು ಅವ್ವಾ?"

"ನನಗ ತಿಳದದ್ದು ನಾ ಹೇಳಿದೆ" ಎಂದಳು. ಅಳುತ್ತಿದ್ದಳು. ನನ್ನ ಬೆನ್ನಿಗೆ ನಿಲ್ಲಬಹುದಾಗಿದ್ದ ಒಬ್ಬಳೇ ಒಬ್ಬಳು ಅವಳು. ಅವಳೂ ಗಂಡನ ಕಡೆಗೇ ಇದ್ದಳು. ನಾನು ಫೋನು ಇಟ್ಟುಬಿಟ್ಟೆ. ಅವಳಿಗೂ ಒಂದು ಹೋಗಿತ್ತೆಂಬುದನ್ನು ನಾನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಎಷ್ಟೋ ವಾರ ನಾನು ಗಂಡನೊಂದಿಗೆ ಕನ್ನಡ ಮಾತಾಡಲಿಲ್ಲ. ಬೇಕೆಂದು ಹಟ ಹಿಡಿದದ್ದಲ್ಲ, ಬಾಯಿಗೆ ಬರುತ್ತಿರಲಿಲ್ಲ. ಊಟಕ್ಕೆ ಕರೆಯುವುದು, ಮಗಳನ್ನು ಯಾರು ಕರೆತರಬೇಕೆಂದು ಕೇಳುವುದು, ಎಲ್ಲ ಇಂಗ್ಲಿಷ್. ಕ್ಲಿನಿಕ್ಕಿಗೆ ಬಂದವರೊಂದಿಗೆ ಆಡುವಂಥ ತೊಳೆದ ಇಂಗ್ಲಿಷ್. ಅವರು ಕನ್ನಡದಲ್ಲಿ ಕೇಳುವರು, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುವೆ. ಮಗಳಿಗೆ ಮೊದಮೊದಲು ಮೋಜೆನಿಸಿತು, ಆಮೇಲೆ ಹೆದರಿಕೆಯಾಯಿತು. ಆಟವನ್ನು ಅವಳೊಬ್ಬಳೇ ಆಡಿ ಮುಗಿಸಿದಳು. ಕೊನೆಯಲ್ಲಿ ಏನಾಯಿತೆಂದು ನನಗೆ ಹೇಳಲು ಬಂದಳು, ಬೇಡ ಎಂದೆ.

ಹಳೆಯದನ್ನೆಲ್ಲ ಮತ್ತೆ ಕೆದಕುವುದೇ ಆಗ ನನ್ನ ಕೆಲಸವಾಯಿತು. ಮನೆ ಮಾಲೀಕ ನಿಜವಾಗಿ ಏನೆಂದಿದ್ದ? ಪಕ್ಕದ ಮನೆಯ ಮುದುಕಿ ಬಾಗಿಲಿಗೆ ಬಂದು ಹೋದದ್ದು ಯಾಕೆ? ಡಾಕ್ಟರು, ನಿನ್ನ ತಪ್ಪೇನೂ ಇಲ್ಲ ಎಂದರೆಂದು ಇವರು ಹೇಳಿದ್ದರಲ್ಲ, ಅದು ಡಾಕ್ಟರ ಮಾತೋ ಇವರದೋ? ಆ ಒಂದು ಮಾತನ್ನು ಹಿಡಿದುಕೊಂಡೇ ನಾನು ಎದ್ದು ಓಡಾಡುವಂತಾದದ್ದು, ಎರಡನೆಯ ಬಸಿರಿಗೆ ಧೈರ್ಯ ಮಾಡಿದ್ದು.

ಒಂದು ಭಾನುವಾರ ಮಧ್ಯಾಹ್ನ ಅವರೆದುರು ಕೂತು, ಕೂಸು ಹೇಗಿತ್ತು ಹೇಳಿ ಎಂದೆ, ಇಂಗ್ಲಿಷಿನಲ್ಲೇ. ಅವರು ಕನ್ನಡದಲ್ಲಿ ಹೇಳಿದರು. ತಲೆತುಂಬ ಕೂದಲಿತ್ತು, ಕಪ್ಪಗೆ, ಒದ್ದೆಯಾಗಿ. ಕಿವಿ ನಿಮ್ಮಪ್ಪನ ಕಿವಿಯ ಹಾಗೆ ಮುಂದಕ್ಕೆ ಬಾಗಿದ್ದವು. ಉಗುರು ಪೂರ್ತಿ ಬೆಳೆದಿದ್ದವು. ಮಲಗಿದಂತಿತ್ತು, ಹುಬ್ಬು ಮಾತ್ರ ಸ್ವಲ್ಪ ಗಂಟಿಕ್ಕಿತ್ತು. ಹೇಳುತ್ತ ಹೇಳುತ್ತ ಅವರು ಅತ್ತರು. ಇಷ್ಟು ವರ್ಷ ಯಾರೆದುರಿಗೂ ಅದನ್ನು ಆಡಿರಲಿಲ್ಲವಂತೆ.

ನಾನು ಒಂದೊಂದು ಮಾತನ್ನೂ ನುಂಗಿದೆ. ಆದರೆ ಒಂದನ್ನೂ ಪೂರ್ತಿ ನಂಬಲಾಗಲಿಲ್ಲ. ಅಪ್ಪನ ಕಿವಿ ಎಂದರೆ ನನಗೆ ಹಿತವಾಗುತ್ತದೆಂದು ಅವರಿಗೆ ಗೊತ್ತು. ಮಲಗಿದಂತಿತ್ತು ಎಂದರೆ ಹಿತವಾಗುತ್ತದೆಂದೂ ಗೊತ್ತು. ಕುಂಬಾರಗಿತ್ತಿಗೆ ಅಷ್ಟು ಚಂದದ ಮಾತು ಕೊಟ್ಟವರು ಇವರೇ. ನನ್ನ ಕೂಸಿನ ಮುಖ ಕಂಡ, ನನಗೆ ಸಿಗಬಹುದಾದ ಸಾಕ್ಷಿ ಅವರೊಬ್ಬರೇ, ಮತ್ತು ಆ ಸಾಕ್ಷಿಯನ್ನು ನಾನು ನಂಬುವ ಹಾಗಿಲ್ಲ.

ಕೂಸನ್ನು ಎಲ್ಲಿಟ್ಟರು ಎಂದು ಕೇಳಿದೆ. ಊರಿನ ಉತ್ತರಕ್ಕೆ ಒಂದು ಸ್ಮಶಾನವಿದೆ, ಅಲ್ಲಿ ಆಸ್ಪತ್ರೆಯವರು ಇಂಥ ಕೂಸುಗಳಿಗಾಗಿ ಇಟ್ಟ ಜಾಗವಿದೆ ಎಂದರು. ಅವರು ಅಲ್ಲಿಗೆ ಒಮ್ಮೆ ಹೋಗಿದ್ದರಂತೆ, ಮಗಳು ಹುಟ್ಟಿದ ಮಾರನೇ ದಿನ, ನನಗೆ ಮನೆಯಿಂದ ಬಟ್ಟೆ ತರುತ್ತೇನೆಂದು ಹೇಳಿ.

ಮುಂದಿನ ವಾರ ನನ್ನನ್ನು ಕರೆದುಕೊಂಡು ಹೋದರು. ಜಿಟಿಜಿಟಿ ಮಳೆ. ಹುಲ್ಲು, ಹುಲ್ಲಿನ ನಡುವೆ ಎಲ್ಲ ಕೂಸುಗಳಿಗೂ ಸೇರಿ ಒಂದು ಕಲ್ಲು. ಯಾವ ಹೆಸರೂ ಇರಲಿಲ್ಲ. ಮನಸ್ಸು ಹಗುರಾಗುತ್ತದೆ ಎಂದುಕೊಂಡು ಹೋಗಿದ್ದೆ, ಆಗಲಿಲ್ಲ. ಸಿಟ್ಟೇ ಬಂತು. ಇಷ್ಟು ವರ್ಷ ಅದೇ ದಾರಿಯಲ್ಲಿ ಎಷ್ಟು ಸಲ ಕಾರಿನಲ್ಲಿ ಹೋಗಿದ್ದೆ, ಒಂದು ಸಲವಾದರೂ ಅವರು ಆ ಕಡೆ ಕೈ ತೋರಿಸಲಿಲ್ಲ. ಮಳೆಯಲ್ಲಿ ನೆನೆಯುತ್ತ ನಿಂತೆ. ಅವರು ಛತ್ರಿ ಹಿಡಿಯಲು ಬಂದರು, ದೂರ ಸರಿದೆ.

ಮರಳಿ ಬರುವಾಗ ಕಾರಿನಲ್ಲಿ ಕೇಳಿದರು, "ಇನ್ನರ ನನ್ನ ಕೂಡ ಕನ್ನಡದಾಗ ಮಾತಾಡ್ತಿಯೇನು?"

"ಮಾತಾಡತೀನಿ" ಎಂದೆ. "ಆದ್ರ ನೀವು ಹೇಳಿದ್ದೆಲ್ಲಾ ನಂಬತೀನಿ ಅಂತ ತಿಳ್ಕೋಬ್ಯಾಡ್ರಿ."

"ಆತು" ಎಂದರು.

ಅವ್ವನ ಜೊತೆ ಮಾತು ಬೇಗ ಕೂಡಿತು. ತಾನು ಕಳೆದುಕೊಂಡ ಕೂಸಿನ ವಿಷಯವನ್ನು ಫೋನಿನಲ್ಲಿ ಸ್ವಲ್ಪ ಸ್ವಲ್ಪವೇ ಹೇಳಿದಳು. ಅದು ಹೆಣ್ಣಂತೆ. ಗಂಡನ ಜೊತೆ ಹಾಗಾಗಲಿಲ್ಲ. ಅವರು ಕೆಟ್ಟವರಲ್ಲ. ಆಗ ಅವರಿಗೂ ಎಳೆಯ ವಯಸ್ಸು, ಪರದೇಶ, ಹಾಸಿಗೆಯಲ್ಲಿ ಹೆಂಡತಿ, ಕೈಯಲ್ಲಿ ಸತ್ತ ಕೂಸು. ಅದೆಲ್ಲ ನನಗೆ ತಿಳಿಯುತ್ತದೆ. ನಾವು ಒಟ್ಟಿಗೇ ಇದ್ದೇವೆ, ನಗುತ್ತೇವೆ, ಜಗಳಾಡುತ್ತೇವೆ. ಆದರೆ ಆ ನರ್ಸ್ ತನ್ನ ಉಳಿದ ಆಯುಷ್ಯದಲ್ಲಿ ನನ್ನನ್ನು ನೆನೆದಾಗಲೆಲ್ಲ, ಹೆತ್ತ ಕೂಸನ್ನು ನೋಡಲೊಲ್ಲೆ ಎಂದ ತಾಯಿ ಎಂದೇ ನೆನೆದಿರುತ್ತಾಳೆ. ಆಕೆಯನ್ನು ಹುಡುಕಿ ಹೇಳೋಣವೆಂದರೆ ಹೆಸರೂ ನನಗೆ ಗೊತ್ತಿಲ್ಲ. ಗಂಡನನ್ನು ಕೇಳಿದೆ. ನೆನಪಿಲ್ಲ ಎಂದರು. ಅದು ನಿಜವಿರಬಹುದು.